ಬಾರ್ನಬ: ಪೌಲನ ನೆರಳಿನಿಂದ ಈಚೆಗೆ

ಬಾರ್ನಬನನ್ನು ಪೌಲನ ಜೊತೆಗಾರನೆಂದು ಕರೆಯುವುದು ರೂಢಿ. ಆದರೆ ‘ಅಪೊಸ್ತಲರ ಕೃತ್ಯಗಳು’ ಗ್ರಂಥವನ್ನು ನಿಧಾನವಾಗಿ ಓದಿದರೆ, ಮೊದಲ ವರ್ಷಗಳಲ್ಲಿ ಜೊತೆಗಾರನಾಗಿದ್ದವನು ಪೌಲನೇ. ಸೈಪ್ರಸ್ಸಿನ ಲೇವಿಯ ಯೋಸೇಫ ಹೊಲ ಮಾರಿ ಬಂದ ಹಣವನ್ನು ಸಭೆಗೆ ಕೊಟ್ಟ. ಬಾರ್ನಬ ಎಂಬ ಹೆಸರು ಅವನಿಗೆ ಅಪೊಸ್ತಲರು ಇಟ್ಟದ್ದು. ನಿನ್ನೆಯವರೆಗೆ ಹಿಂಸಕನಾಗಿದ್ದ ಸೌಲನನ್ನು, ಅಂದರೆ ಪೌಲನನ್ನು, ಜೆರುಸಲೇಮಿನಲ್ಲಿ ಯಾರೂ ನಂಬದಿದ್ದಾಗ ಅವನ ಪರ ನಿಂತವನು, ಮುಂದೆ ತಾರ್ಸಕ್ಕೇ ಹೋಗಿ ಹುಡುಕಿ ಅವನನ್ನು ಅಂತಿಯೋಕ್ಯಕ್ಕೆ ಕರೆತಂದವನು ಇವನೇ. ಲುಸ್ತ್ರದ ಜನ ಇವರನ್ನು ದೇವರುಗಳೆಂದು ಭ್ರಮಿಸಿದಾಗ ಮಾತಾಡುವ ಪೌಲ ಹರ್ಮಿಸ್ ಆದ. ಬಾರ್ನಬ ಜ್ಯೂಸ್ ಆದ.

ಈ ಚಿತ್ರ ಮಸುಕಾಗಲು ಮುಖ್ಯ ಕಾರಣ, ಅವನು ಬರೆದದ್ದೇನೂ ಉಳಿಯದಿರುವುದು. ಖಾಲಿ ಜಾಗವನ್ನು ಒಂದೊಂದು ಕಾಲವೂ ತನ್ನ ಅಗತ್ಯಕ್ಕೆ ತಕ್ಕಂತೆ ತುಂಬಿತು. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಒಂದು ಅನಾಮಿಕ ಪತ್ರವನ್ನು ಅವನದೆಂದ. ತೆರ್ತುಲ್ಲಿಯನ್ ‘ಇಬ್ರಿಯರಿಗೆ’ ಪತ್ರವನ್ನೇ ಅವನಿಗೆ ಒಪ್ಪಿಸಿದ. 1859ರಲ್ಲಿ ವಿದ್ವಾಂಸ ಟಿಶೆಂಡಾರ್ಫ್‌ಗೆ ಸಿನಾಯ್ ಮಠದಲ್ಲಿ ಸಿಕ್ಕ ಹಸ್ತಪ್ರತಿಯಲ್ಲಿ ಆ ಅನಾಮಿಕ ಪತ್ರದ ಪೂರ್ಣ ಗ್ರೀಕ್ ಪಾಠವಿತ್ತು. ಆದರೆ ಅದು ಬಾರ್ನಬನದಾಗಿರಲಾರದು: ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದದ್ದು ಅದಕ್ಕೆ ಗೊತ್ತು; ಯೆಹೂದಿ ಆಚರಣೆಯನ್ನು ಅದು ತಳ್ಳಿಹಾಕುವ ಕಟುತನವೂ ಅಂತಿಯೋಕ್ಯದಲ್ಲಿ ಅನ್ಯಜನರ ಪಂಕ್ತಿಯಿಂದ ಹಿಂದೆ ಸರಿದ ಬಾರ್ನಬನಿಗೆ ಹೊಂದದು. ಐದನೆಯ ಶತಮಾನದ ಕೊನೆಯಲ್ಲಿ ಸಲಮೀಸಿನ ಬಳಿ ಅವನ ಸಮಾಧಿ ಸಿಕ್ಕಿತೆಂಬ ಸುದ್ದಿ, ಅಂತಿಯೋಕ್ಯದ ಹಿಡಿತದಿಂದ ಬಿಡಿಸಿಕೊಳ್ಳಲು ಹೆಣಗುತ್ತಿದ್ದ ಸೈಪ್ರಸ್ ಸಭೆಗೆ ಆಸರೆಯಾಯಿತು. ಇಟಾಲಿಯನ್ ಹಸ್ತಪ್ರತಿಯಲ್ಲಿ ಉಳಿದಿರುವ ‘ಬಾರ್ನಬನ ಸುವಾರ್ತೆ’ಯಂತೂ ಮಧ್ಯಯುಗಕ್ಕಿಂತ ಹಳೆಯದಲ್ಲ.

ಬೆರ್ನ್ಡ್ ಕೊಲ್ಮಾನ್ (1998), ಮಾರ್ಕುಸ್ ಓಲರ್ (2003) ಮುಂತಾದ ವಿದ್ವಾಂಸರು ದಂತಕಥೆಯನ್ನು ಇತಿಹಾಸದಿಂದ ಬೇರ್ಪಡಿಸಿ ಬಾರ್ನಬನ ಮೇಲೆಯೇ ಇಡೀ ಗ್ರಂಥಗಳನ್ನು ಬರೆದರು. ಇಲ್ಲೊಂದು ಆಕ್ಷೇಪ ಏಳುತ್ತದೆ: ಬಾರ್ನಬನ ಹಿರಿತನ ಕೃತ್ಯಗಳನ್ನು ಬರೆದ ಲೂಕನ ಕಥನತಂತ್ರವಾಗಿರಬಾರದೇಕೆ? ಆಕ್ಷೇಪಕ್ಕೆ ತೂಕವಿದೆ, ಸೌಹಾರ್ದವನ್ನು ಎತ್ತಿ ತೋರಿಸುವುದು ಲೂಕನ ಒಲವು. ಆದರೆ ಸಾಕ್ಷಿ ಪೌಲನ ಸ್ವಂತ ಬರಹದಲ್ಲೇ ಇದೆ. ಜೆರುಸಲೇಮಿನ ಸ್ತಂಭಗಳೆನಿಸಿದವರು ಬಲಗೈ ಕೊಟ್ಟದ್ದು ತನಗೂ ಬಾರ್ನಬನಿಗೂ ಎಂದು ಗಲಾತ್ಯದವರಿಗೆ ಅವನೇ ಬರೆಯುತ್ತಾನೆ. ಅದೇ ಪತ್ರದಲ್ಲಿ, ಬಾರ್ನಬನೂ ಹಿಂದೆ ಸರಿದುಬಿಟ್ಟನಲ್ಲ ಎಂಬ ಅವನ ನೋವು ಸರೀಕನನ್ನು ಕಳೆದುಕೊಂಡವನದು, ಶಿಷ್ಯನ ಮೇಲೆ ಸಿಟ್ಟಾದವನದಲ್ಲ. ಜಗಳವಾಡಿ ಬೇರೆಯಾದ ವರ್ಷಗಳ ನಂತರವೂ, ಸ್ವಂತ ದುಡಿಮೆಯಿಂದ ಬದುಕುವ ಅಪೊಸ್ತಲರೆಂದು ಕೊರಿಂಥದವರಿಗೆ ಅವನು ಹೆಸರಿಸುವುದು ತನ್ನನ್ನೂ ಬಾರ್ನಬನನ್ನೂ ಮಾತ್ರ. ಆ ಜಗಳ ಹುಟ್ಟಿದ್ದು ಯೋಹಾನ ಮಾರ್ಕನ ವಿಷಯಕ್ಕೆ. ನಡುದಾರಿಯಲ್ಲಿ ಬಿಟ್ಟುಹೋದವನು ಬೇಡವೆಂದ ಪೌಲ. ಬಾರ್ನಬ ಅವನನ್ನು ಕರೆದುಕೊಂಡು ಸೈಪ್ರಸ್ಸಿಗೆ ಹಡಗು ಹತ್ತಿದ. ಮುಂದೆ ಸೆರೆಯಿಂದ ಫಿಲೆಮೋನನಿಗೆ ಬರೆದಾಗ ಪೌಲ ತನ್ನ ಸಹಕರ್ಮಿಗಳನ್ನು ಹೆಸರಿಸುತ್ತಾನೆ. ಅವರಲ್ಲಿ ಮೊದಲ ಹೆಸರು ಮಾರ್ಕ.