ಕಾಫಿ ಸೀಮೆಯ ಇಂಜಿನ್ನು, ಎಣ್ಣೆಯ ಕಾವು

ನಮ್ಮ ಕಡೆ ಇಂಜಿನ್ ಕಾಯುವುದು ಗಾಡಿ ನಿಧಾನಕ್ಕೆ ಹೋಗುವಾಗ. ಬಯಲುಸೀಮೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಓಡುವ ಗಾಡಿಯ ಮೂತಿಗೆ ಗಾಳಿ ತಾನಾಗಿ ನುಗ್ಗುತ್ತದೆ. ಕಳಸದಿಂದ ಸಂಸೆ ದಾಟಿ ಯಾವುದೋ ತೋಟದ ಏರು ಹಿಡಿದ ಜೀಪಿಗೆ ಆ ಭಾಗ್ಯವಿಲ್ಲ. ಲೋ ಗೇರಿನಲ್ಲಿ ಹತ್ತರ ವೇಗವೂ ಬರುವುದಿಲ್ಲ, ಹಿಂದೆ ಗೊಬ್ಬರದ ಚೀಲ, ಚೀಲದ ಮೇಲೆ ಆಳುಗಳು. ಇಂಜಿನ್ ಪೂರ್ತಿ ಶಕ್ತಿ ಹಾಕಿ ದುಡಿಯುತ್ತಿರುತ್ತದೆ, ರೇಡಿಯೇಟರಿಗೆ ಸಿಗುವುದು ಅದರ ಹಿಂದಿನ ಫ್ಯಾನು ಎಳೆದುಕೊಂಡಷ್ಟೇ ಗಾಳಿ.

ಮೂಡಿಗೆರೆಯಲ್ಲಿ ಗ್ಯಾರೇಜು ಇಟ್ಟವರಲ್ಲಿ ನಮ್ಮದು ಎರಡನೇ ತಲೆಮಾರು. ಅಪ್ಪಯ್ಯ ಜೀಪು ಬಿಚ್ಚಿ ಕಲಿತವರು, ನಾನು ಮಾರುತಿ ಜಿಪ್ಸಿ ಬಿಚ್ಚಿ ಕಲಿತವನು. ಈಗ ರ್ಯಾಲಿ ಕಾರುಗಳ ಮುಂಭಾಗಕ್ಕೆ ಎಣ್ಣೆ ತಣಿಸುವ ಹೆಚ್ಚುವರಿ ಆಯಿಲ್ ಕೂಲರ್ ಕೂರಿಸಿಕೊಡಿ ಎಂದು ಹುಡುಗರು ಬರುತ್ತಾರೆ. ಇದು ಹೊರದೇಶದಿಂದ ಬಂದ ಶೋಕಿ ಎಂದೇ ಅವರ ತಿಳಿವಳಿಕೆ. ವಸ್ತು ಹೊರದೇಶದ್ದಿರಬಹುದು. ಅದರ ಅಗತ್ಯವನ್ನು ಈ ಗುಡ್ಡಗಳು ಬಹಳ ಹಿಂದೆಯೇ ಕಂಡಿದ್ದವು. ಆ ಕಥೆಯನ್ನು ಯಾರೂ ಬರೆದಿಟ್ಟಿಲ್ಲ ಎಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ತೋಟಗಳಿಗೆ ಇಂಜಿನ್ ಮೊದಲು ಬಂದದ್ದು ಗಾಡಿಯ ರೂಪದಲ್ಲಲ್ಲ, ಪಲ್ಪರ್ ಹೌಸಿಗೆ. ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವನ್ನು ತಿರುಗಿಸಲು ಲಿಸ್ಟರ್, ಆಮೇಲೆ ಕಿರ್ಲೋಸ್ಕರ್ ಎಣ್ಣೆ ಇಂಜಿನ್‌ಗಳು ಬಂದವು. ಹಳೆಯ ಲಿಸ್ಟರ್ ನಿಮಿಷಕ್ಕೆ 650 ಸುತ್ತು ಮಾತ್ರ ತಿರುಗುವ ಭಾರೀ ಯಂತ್ರ. ಅದರ ಪಕ್ಕದಲ್ಲಿ ಒಂದು ನೀರಿನ ಡ್ರಮ್ಮು. ಕಾದ ನೀರು ಹಗುರಾಗಿ ಮೇಲಿನ ಪೈಪಿನಿಂದ ಡ್ರಮ್ಮಿಗೆ ಹೋಗುತ್ತದೆ, ತಣ್ಣನೆಯ ನೀರು ಕೆಳಗಿನ ಪೈಪಿನಿಂದ ಇಂಜಿನ್ನಿಗೆ ಬರುತ್ತದೆ. ಪಂಪು ಬೇಡ, ಫ್ಯಾನು ಬೇಡ. ಡಿಸೆಂಬರಿನ ಕುಯಿಲಿನ ದಿನಗಳಲ್ಲಿ ಪಲ್ಪಿಂಗ್ ಮುಗಿಯುವಾಗ ರಾತ್ರಿಯಾಗುತ್ತಿತ್ತು. ಆಳುಗಳ ಲೈನ್ ಮನೆಯ ಹೆಂಗಸರು ಆ ಡ್ರಮ್ಮಿನ ಬಿಸಿನೀರನ್ನೇ ಕೊಡದಲ್ಲಿ ತುಂಬಿಕೊಂಡು ಸ್ನಾನಕ್ಕೆ ಒಯ್ಯುತ್ತಿದ್ದುದನ್ನು ಅಪ್ಪಯ್ಯ ಹೇಳುತ್ತಿದ್ದರು. ಇಂಜಿನ್ ದುಡಿದರೆ ಬಿಸಿ ಹುಟ್ಟುತ್ತದೆ, ಆ ಬಿಸಿಯನ್ನು ಹೊರಗೆ ಸಾಗಿಸಬೇಕು ಎಂಬುದು ತೋಟದ ಜನಕ್ಕೆ ಹೀಗೆ ಮೊದಲು ತಿಳಿಯಿತು. ಆದರೆ ಅದು ನೀರಿನ ಬಿಸಿ. ಎಣ್ಣೆಯ ವಿಷಯ ಬಹಳ ಕಾಲ ಯಾರ ಗಮನಕ್ಕೂ ಬರಲಿಲ್ಲ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬಿಟ್ಟ ವಿಲ್ಲೀಸ್ ಜೀಪುಗಳು ಹರಾಜಿಗೆ ಬಂದವು. ಅಮೆರಿಕದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಯುದ್ಧಕಾಲದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. 1947ರಿಂದ ಮಹೀಂದ್ರ ಕಂಪನಿ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಅದಕ್ಕೂ ಮೊದಲು ನಮ್ಮ ಒಳದಾರಿಗಳಿಗೆ ಎತ್ತಿನ ಗಾಡಿ, ಕುದುರೆ, ಕಾಲು ಬಿಟ್ಟರೆ ಬೇರೆ ಗತಿ ಇರಲಿಲ್ಲ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿ ಬಂದ ಮೇಲೆ ಮಳೆಗಾಲದಲ್ಲೂ ಬಾಳೂರಿನಾಚೆಯ ತೋಟಕ್ಕೆ ಅಕ್ಕಿ, ಸೀಮೆಎಣ್ಣೆ ತಲುಪಿತು. ಬಾಣಂತಿಯನ್ನು ಆಸ್ಪತ್ರೆಗೆ ತಂದ ಜೀಪು, ಹೆಣ ತಂದ ಜೀಪು, ಮದುವೆ ದಿಬ್ಬಣದ ಜೀಪು, ಎಲ್ಲವೂ ಒಂದೇ ಆಗಿರುತ್ತಿತ್ತು.

ಆ ಜೀಪುಗಳು ಕುದಿಯುತ್ತಿದ್ದವು. ಇದಕ್ಕೆ ಊರಿನ ಎತ್ತರವೂ ಒಂದು ಕಾರಣ. ಸಮುದ್ರಮಟ್ಟದಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು ಸಾವಿರ ಮೀಟರ್ ಎತ್ತರದಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿಯ ತುದಿಯಲ್ಲಿ ಇನ್ನೂ ಮೂರು ಡಿಗ್ರಿ ಕಡಿಮೆ ಸಾಕು. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗು ಗಟ್ಟಿಯಿದ್ದರೆ ಒಳಗಿನ ಒತ್ತಡ ಏರಿ ಈ ಕೊರತೆ ತುಂಬುತ್ತದೆ, ಒಂದು ಪೌಂಡ್ ಒತ್ತಡಕ್ಕೆ ಸುಮಾರು ಒಂದೂವರೆ ಡಿಗ್ರಿಯಂತೆ. ಸವೆದ ಮುಚ್ಚಳಕ್ಕೆ ಬಟ್ಟೆ ಸುತ್ತಿ ಓಡಿಸುತ್ತಿದ್ದ ಕಾಲದಲ್ಲಿ ಆ ಒತ್ತಡವಾದರೂ ಎಲ್ಲಿಂದ ಬರಬೇಕು?

ಚಾರ್ಮಾಡಿ ಘಾಟಿಯಲ್ಲಿ ಕೆಳಗಿನಿಂದ ಹತ್ತುವ ಗಾಡಿಗಳು ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ನಿಲ್ಲುವುದಕ್ಕೆ ಭಕ್ತಿಯಷ್ಟೇ ಇಂಜಿನ್ನಿನ ಕಾವೂ ಕಾರಣವಾಗಿತ್ತು. ಬಾನೆಟ್ ಎತ್ತಿ, ಮುಚ್ಚಳಕ್ಕೆ ಒದ್ದೆ ಗೋಣಿ ಹಾಕಿ, ಮುಖ ಹಿಂದೆ ಮಾಡಿಕೊಂಡು ನಿಧಾನಕ್ಕೆ ತಿರುಗಿಸಬೇಕು. ಝರಿಯ ನೀರನ್ನು ಒಮ್ಮೆಗೇ ಸುರಿಯಬಾರದು, ಹೆಡ್ಡು ಸೀಳುತ್ತದೆ. ಇಂಜಿನ್ ಚಾಲೂ ಇಟ್ಟು ಲೋಟ ಲೋಟವಾಗಿ ಹಾಕಬೇಕು. ರೇಡಿಯೇಟರ್ ಸಣ್ಣಗೆ ಸೋರಿದರೆ ಅರಿಸಿನ ಪುಡಿ, ಪೆಟ್ರೋಲ್ ಟ್ಯಾಂಕ್ ಸೋರಿದರೆ ಬಟ್ಟೆ ಸೋಪು. ಬೇಸಿಗೆಯಲ್ಲಿ ಗುಡ್ಡದ ಹುಲ್ಲಿನ ನಡುವೆ ಓಡಾಡಿದ ಜೀಪಿನ ರೇಡಿಯೇಟರ್ ತುಂಬ ಹುಲ್ಲಿನ ಬೀಜ ಸಿಕ್ಕಿಕೊಂಡು ಗಾಳಿಯೇ ದಾಟುತ್ತಿರಲಿಲ್ಲ. ಅದನ್ನು ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಬೇಕು. ಮುಂದಿನಿಂದ ಬಿಟ್ಟರೆ ಬೀಜ ಇನ್ನಷ್ಟು ಒಳಗೆ ಹೋಗಿ ಕೂರುತ್ತದೆ. ನಾಲ್ಕು ರೆಕ್ಕೆಯ ಫ್ಯಾನು ತೆಗೆದು ಆರು ರೆಕ್ಕೆಯದನ್ನು ಹಾಕುವುದು, ವರ್ಷಕ್ಕೊಮ್ಮೆ ರೇಡಿಯೇಟರ್ ಟ್ಯಾಂಕ್ ಬಿಚ್ಚಿ ತಾಮ್ರದ ನಳಿಗೆಗಳಿಗೆ ಕಡ್ಡಿ ಹಾಯಿಸಿ ಮತ್ತೆ ಬೆಸುಗೆ ಹಾಕುವುದು ಅಪ್ಪಯ್ಯನ ದಿನನಿತ್ಯದ ಕೆಲಸವಾಗಿತ್ತು. ಆ ಕಾಲದ ತೋಟಗಾರರಲ್ಲಿ ಎಷ್ಟೋ ಜನಕ್ಕೂ ಸ್ಪ್ಯಾನರ್ ಹಿಡಿಯಲು ಬರುತ್ತಿತ್ತು. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಸ್ಕೂಟರನ್ನು ತಾವೇ ಬಿಚ್ಚಿ ಕೂರುತ್ತಿದ್ದುದು ಊರಿಗೆಲ್ಲ ಗೊತ್ತು.

ಇಷ್ಟೆಲ್ಲ ಮಾಡಿದರೂ ಕೆಲವು ಜೀಪುಗಳ ಬೇರಿಂಗ್ ಹೋಗುತ್ತಿತ್ತು. ನೀರು ಸರಿಯಿದೆ, ಕುದಿದಿಲ್ಲ, ಎಣ್ಣೆಯೂ ಮಟ್ಟಕ್ಕಿದೆ, ಆದರೂ ಏರಿನ ತುದಿಯಲ್ಲಿ ಒಳಗಿನಿಂದ ಟಕಟಕ ಸದ್ದು. ಡ್ರೈವರು ಬಂದು, “ಏರು ಮುಗಿಯೋ ಹೊತ್ತಿಗೆ ಎಣ್ಣೆ ಗೇಜು ಪೂರ್ತಿ ಬಿದ್ದಿತ್ತು ಅಣ್ಣಾ, ಗುಡ್ಡ ಇಳಿದ್ಮೇಲೆ ಮತ್ತೆ ಸರಿಯಾಯ್ತು” ಎನ್ನುತ್ತಿದ್ದ. ಗೇಜು ಕೆಟ್ಟಿದೆ ಎಂದು ಗೇಜನ್ನೇ ಬದಲಾಯಿಸಿ ಕಳಿಸಿದ ಗ್ಯಾರೇಜುಗಳುಂಟು. ಕೆಟ್ಟಿದ್ದು ಗೇಜಲ್ಲ. ನೀರು ಕಾದರೆ ಹಬೆ ಎದ್ದು ನೋಡುವವರಿಗೆ ಕಾಣುತ್ತದೆ. ಎಣ್ಣೆ ಕಾದರೆ ಸದ್ದಿಲ್ಲದೆ ತೆಳ್ಳಗಾಗುತ್ತದೆ. ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರಬೇಕಾದ ಎಣ್ಣೆಯ ಪೊರೆ ನಿಲ್ಲುವುದಿಲ್ಲ, ಲೋಹ ಲೋಹಕ್ಕೆ ತಾಗುತ್ತದೆ. ಎಣ್ಣೆ 90ರಿಂದ 110 ಡಿಗ್ರಿಯ ನಡುವೆ ಸುಖವಾಗಿರುತ್ತದೆ. 130 ದಾಟಿದರೆ ಸಾಮಾನ್ಯ ಎಣ್ಣೆಯ ಆಯಸ್ಸು ಬೇಗ ಮುಗಿಯುತ್ತದೆ. ಆಗಿನ ಜೀಪುಗಳಲ್ಲಿ ಎಣ್ಣೆಯ ಒತ್ತಡ ತೋರಿಸುವ ಗೇಜು ಇತ್ತು, ಉಷ್ಣತೆ ತೋರಿಸುವುದು ಇರಲಿಲ್ಲ.

ಈ ಗಂಟು ಬಿಚ್ಚಿದ್ದು ಕುದುರೆಮುಖ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ಗುಡ್ಡ ಕಡಿದು, ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸುವ ಯೋಜನೆ. ಕಾಡಿಗೆ, ಭದ್ರೆಗೆ ಅದು ಮಾಡಿದ ಗಾಯ ಸಣ್ಣದಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತದ್ದು ಸರಿಯೆಂದೇ ನಾನು ನಂಬಿದವನು. ಆದರೆ ನಮ್ಮ ಕಸುಬಿನ ಮಟ್ಟಿಗೆ ಆ ವರ್ಕ್‌ಶಾಪು ಒಂದು ಶಾಲೆಯಾಗಿತ್ತು. ಅಲ್ಲಿಯ ದೈತ್ಯ ಡಂಪರುಗಳು ತುಂಬಿದ ಹೊರೆ ಹೊತ್ತು ದಿನವಿಡೀ ನಿಧಾನಕ್ಕೆ ಚಲಿಸುವಂಥವು. ನಮ್ಮ ಜೀಪಿನ ಪಾಡೇ, ಅಳತೆ ಮಾತ್ರ ದೊಡ್ಡದು. ಅವುಗಳಲ್ಲಿ ಇಂಜಿನ್ ಎಣ್ಣೆಗೂ ಗೇರ್‌ಬಾಕ್ಸ್ ಎಣ್ಣೆಗೂ ಬೇರೆ ಬೇರೆ ಕೂಲರ್. ಅಲ್ಲಿ ಕೆಲಸಕ್ಕಿದ್ದ ಕಳಸದ ಕಡೆಯವರು ರಜೆಗೆ ಬಂದಾಗ ನಮ್ಮ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಇದನ್ನೆಲ್ಲ ವರ್ಣಿಸುತ್ತಿದ್ದರು. “ನೀರಿಗೆ ರೇಡಿಯೇಟರ್ ಇದ್ದಂಗೆ ಎಣ್ಣೆಗೂ ಒಂದು ಬೇಕು ಮಾರಾಯ್ರೆ” ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ.

ಅಪ್ಪಯ್ಯ ಸುಮ್ಮನೆ ಕೂರಲಿಲ್ಲ. ತಾಮ್ರದ ಕೊಳವೆಯನ್ನು ಹಾವಿನಂತೆ ಮಡಿಚಿ, ತಗಡಿನ ಪಟ್ಟಿಗಳನ್ನು ಬೆಸೆದು, ಜೀಪಿನ ಮುಂದಿನ ಜಾಲರಿಯ ಹಿಂದೆ ಕಟ್ಟಿದರು. ಎಣ್ಣೆ ಫಿಲ್ಟರಿಗೆ ಹೋಗುವ ದಾರಿಯನ್ನೇ ಅದರ ಮೂಲಕ ತಿರುಗಿಸಿದರು. ಎಣ್ಣೆ ತಣ್ಣಗಾಯಿತು, ಆದರೆ ಕಲ್ಲುದಾರಿಯ ಅದುರಿಗೆ ತಾಮ್ರದ ಕೊಳವೆ ಬೆಸುಗೆಯ ಹತ್ತಿರ ಸೀಳಿತು. ಗಟ್ಟಿ ಕೊಳವೆಯ ಬದಲು ಬಳುಕುವ ಹೋಸ್ ಬೇಕಿತ್ತು, ಒತ್ತಡಕ್ಕೂ ಬಿಸಿ ಎಣ್ಣೆಗೂ ಜಗ್ಗದ ಹೋಸ್. ಅದು ನಮ್ಮ ಕೈಗೆ ಸುಲಭವಾಗಿ ಸಿಕ್ಕಿದ್ದು ಜೆಸಿಬಿಗಳು ಬಂದ ಮೇಲೆ. ಜೆಸಿಬಿಯ ಹೈಡ್ರಾಲಿಕ್ ಹೋಸುಗಳಿಗೆ ತುದಿ ಒತ್ತಿಕೊಡುವ ಅಂಗಡಿಗಳು ಹಾಸನ, ಮಂಗಳೂರುಗಳಲ್ಲಿ ಶುರುವಾದವು. ಬೇಕಾದ ಉದ್ದಕ್ಕೆ ಕತ್ತರಿಸಿ ಕೊಡುತ್ತಿದ್ದರು.

ನಡುವೆ ಡೀಸೆಲ್ ಬಂತು. ಪ್ಯೂಜೊ ಇಂಜಿನ್ನಿನ ಜೀಪುಗಳಲ್ಲಿ ಡೀಸೆಲ್ ಉರಿಯುತ್ತಿದ್ದುದು ಹೆಡ್ಡಿನೊಳಗಿನ ಪುಟ್ಟ ಕೋಣೆಯಲ್ಲಿ, ಹಾಗಾಗಿ ನೀರಿಗೆ ಹೋಗುವ ಬಿಸಿ ಜಾಸ್ತಿ. ಡೀಸೆಲನ್ನು ನೇರ ಸಿಲಿಂಡರಿಗೇ ಸಿಂಪಡಿಸುವ ಡಿಐ ಇಂಜಿನ್ ಸದ್ದು ಹೆಚ್ಚು ಮಾಡಿದರೂ ತಣ್ಣಗೆ ಓಡುತ್ತಿತ್ತು. ನಮ್ಮ ಏರುಗಳಿಗೆ ಅದೇ ಹೇಳಿ ಮಾಡಿಸಿದ್ದು ಎಂದು ನಾನು ಇವತ್ತಿಗೂ ವಾದಿಸುತ್ತೇನೆ.

ಇನ್ನು ವೇಗದ ಮಾತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್ಯಾಲಿ 1970ರ ದಶಕದಲ್ಲೇ ಶುರುವಾಗಿತ್ತು. ಆದರೆ ನಮ್ಮ ತೋಟದ ಹುಡುಗರ ಕೈಗೆ ಅದಕ್ಕೊಪ್ಪುವ ಗಾಡಿ ಬಂದದ್ದು ಮಾರುತಿ ಜಿಪ್ಸಿಯಿಂದ. 1985ರ ಕೊನೆಗೆ ಬಂದ ಜಿಪ್ಸಿಗೆ ಮೊದಲು 970 ಸಿಸಿಯ ಪುಟ್ಟ ಇಂಜಿನ್, ಆಮೇಲೆ 1.3 ಲೀಟರಿನ ಅಲ್ಯೂಮಿನಿಯಂ ಇಂಜಿನ್. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿ ಸುಟ್ಟುಹೋಯಿತು, ಜಗತ್ತಿನ ಬೆಲೆ ಏರಿತು. ಅದೇ ಹೊತ್ತಿಗೆ ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆ ಸಡಿಲವಾಗಿ ಬೆಳೆಗಾರರು ತಮ್ಮ ಕಾಫಿ ತಾವೇ ಮಾರುವಂತಾಯಿತು. ಆ ವರ್ಷಗಳಲ್ಲಿ ಮೂಡಿಗೆರೆಯ ರಸ್ತೆಯಲ್ಲಿ ಹೊಸ ಗಾಡಿಗಳು ಸಾಲುಗಟ್ಟಿದವು. ಅವುಗಳಲ್ಲಿ ಕೆಲವು ನೇರ ಗ್ಯಾರೇಜಿಗೆ ಬಂದು, ಸೀಟು ಕಿತ್ತು, ಗಾಡಿ ಮಗುಚಿದರೆ ಕಾಯುವ ರೋಲ್ ಕೇಜ್ ಹಾಕಿಸಿಕೊಂಡು ರ್ಯಾಲಿಗೆ ಹೊರಟವು.

ತೋಟದೊಳಗಿನ ರ್ಯಾಲಿ ಹಂತ ಎಂದರೆ ಸಿಲ್ವರ್ ಓಕ್ ನೆರಳಿನ ಕಿರಿದಾದ ಮಣ್ಣು ದಾರಿ, ತಿರುವಿನ ಮೇಲೆ ತಿರುವು. ಚಾಲಕ ಎರಡನೇ, ಮೂರನೇ ಗೇರು ಬಿಟ್ಟು ಮೇಲೆ ಹೋಗುವುದೇ ಅಪರೂಪ. ಇಂಜಿನ್ ಕಿರುಚುತ್ತಿರುತ್ತದೆ, ಗಾಡಿಯ ವೇಗ ಅದಕ್ಕೆ ತಕ್ಕಷ್ಟಿಲ್ಲ. ಜೀಪಿಗೆ ಕಾಡಿದ್ದ ಕಷ್ಟವೇ ಇಲ್ಲಿ ಹೊಸ ವೇಷದಲ್ಲಿ ಬಂದಿತ್ತು. ಪುಟ್ಟ ಇಂಜಿನ್ನಿನ ಮೂರೂವರೆ ಲೀಟರಿನಷ್ಟು ಎಣ್ಣೆ ಇಷ್ಟು ಬಿಸಿಯನ್ನು ಹೊರಲಾರದು.

ಹಾಗಾಗಿ ಕೂಲರ್. ಎಲ್ಲಿ ಕೂರಿಸಬೇಕು ಎಂಬುದೇ ಇಲ್ಲಿ ದೊಡ್ಡ ಪ್ರಶ್ನೆ. ರೇಡಿಯೇಟರಿನ ಎದುರಿಗೆ ಕೂರಿಸಿದರೆ ಎಣ್ಣೆಯಿಂದ ಬಿಸಿಯಾದ ಗಾಳಿಯೇ ರೇಡಿಯೇಟರಿಗೆ ಹೋಗುತ್ತದೆ. ಬಂಪರಿನ ಕೆಳಗೆ ತೂಗುಹಾಕಿದರೆ ಮೊದಲ ಕಲ್ಲಿಗೇ ಒಡೆಯುತ್ತದೆ. ನಾನು ಬಂಪರಿನ ಹಿಂದೆ ಎರಡು ಮೂಲೆಗಳಲ್ಲಿ, ಹೆಡ್‌ಲೈಟಿನ ಕೆಳಗೆ ಕೂರಿಸುತ್ತೇನೆ. ಗಾಳಿ ಒಳಬರಲು ತಗಡಿನ ಕೊಳವೆ, ಅದಕ್ಕಿಂತ ಮುಖ್ಯವಾಗಿ ಬಿಸಿ ಗಾಳಿ ಚಕ್ರದ ಗೂಡಿನ ಕಡೆ ಹೊರಹೋಗಲು ದಾರಿ. ಹೊರದಾರಿ ಇಲ್ಲದ ಕೂಲರ್ ಬರೀ ಭಾರ. ಎದುರಿಗೆ ತಂತಿಜಾಲರಿ ಬೇಕು. ನಮ್ಮ ಕೆಂಪು ಮಣ್ಣು ಒಮ್ಮೆ ಕೂತು ಒಣಗಿತೆಂದರೆ ಪದರಗಳ ನಡುವೆ ಗಾರೆಯಂತೆ ಗಟ್ಟಿಯಾಗುತ್ತದೆ. ಪ್ರತಿ ಸರ್ವಿಸಿನಲ್ಲೂ ಹಿಂದಿನಿಂದ ತೊಳೆಯಬೇಕು, ಥೇಟ್ ಜೀಪಿನ ಹುಲ್ಲುಬೀಜದ ಹಾಗೆ. ಇನ್ನೊಂದು, ಥರ್ಮೋಸ್ಟ್ಯಾಟ್. ಎಣ್ಣೆ 80 ಡಿಗ್ರಿ ದಾಟುವ ತನಕ ಅದು ಕೂಲರಿನ ಕಡೆ ಹೋಗಲು ಬಿಡುವುದಿಲ್ಲ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಇದಿಲ್ಲದಿದ್ದರೆ ಎಣ್ಣೆ ಕಾಯುವುದೇ ಇಲ್ಲ, ಒಳಗಿನ ನೀರಿನಂಶ ಆರದೆ ಕೆಸರಾಗುತ್ತದೆ. ಹಳೆಯ ಡ್ರೈವರುಗಳು ಚಳಿಗಾಲದ ಬೆಳಿಗ್ಗೆ ಜೀಪಿನ ಅರ್ಧ ರೇಡಿಯೇಟರಿಗೆ ಗೋಣಿ ಕಟ್ಟುತ್ತಿದ್ದುದು ಇದೇ ಕಾರಣಕ್ಕೆ.

ಜರ್ಮನಿಯವರೂ ಇದೇ ದಾರಿಯಲ್ಲಿ ನಡೆದವರು. ಪೋರ್ಷೆ 911 ಕಾರಿನ ಇಂಜಿನ್ ಹಿಂಭಾಗದಲ್ಲಿದ್ದು ಗಾಳಿ ಮತ್ತು ಎಣ್ಣೆಯಿಂದಲೇ ತಣಿಯುತ್ತಿತ್ತು. ಶಕ್ತಿ ಹೆಚ್ಚಿದಂತೆ ಅದು ಸಾಲದೆ 1969ರ 911 ಎಸ್ ಮಾದರಿಗೆ ಮುಂದಿನ ಬಲ ಚಕ್ರದ ಗೂಡಿನಲ್ಲಿ ಇನ್ನೊಂದು ಕೂಲರ್ ಇಟ್ಟರು, ಎಣ್ಣೆ ಕಾರಿನ ಉದ್ದಕ್ಕೂ ಹೋಗಿ ಬರುತ್ತಿತ್ತು. ರೇಸಿನವರು ಎಡಕ್ಕೂ ಒಂದು ಸೇರಿಸಿಕೊಂಡರು.

ಮುಂದೆ ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ನಮ್ಮ ಚಿಕ್ಕಮಗಳೂರಿನ ತೋಟಗಳಿಗೇ ಬಂತು. 2016ರಲ್ಲೂ 2017ರಲ್ಲೂ ಆ ಪಟ್ಟ ಗೆದ್ದ ಗೌರವ್ ಗಿಲ್ ಎಂಆರ್‌ಎಫ್ ತಂಡದ ಸ್ಕೋಡಾ ಫಾಬಿಯಾ ಆರ್5 ಓಡಿಸಿದರು. ಸರ್ವಿಸ್ ಪಾರ್ಕಿನಲ್ಲಿ ಬೇಲಿಯಾಚೆ ನಿಂತು ಆ ಕಾರನ್ನು ನೋಡಿದಾಗ ನನ್ನ ಕಣ್ಣು ಹೋದದ್ದು ಅದರ ಮೂತಿಯ ಕಡೆಗೆ. ಗಾಳಿ ಬರುವ ದಾರಿ, ಹೋಗುವ ದಾರಿ, ಜಾಲರಿ, ಎಲ್ಲವೂ ಎಷ್ಟು ಅಚ್ಚುಕಟ್ಟು! ಅಪ್ಪಯ್ಯ ಇದ್ದಿದ್ದರೆ ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತಿದ್ದರು.

ಕೂಲರ್ ಕೇಳಿಕೊಂಡು ಬರುವ ಹುಡುಗರಿಗೆ ನಾನು ಮೊದಲು ಹೇಳುವುದು, ಎಣ್ಣೆಯ ಉಷ್ಣತೆ ತೋರಿಸುವ ಗೇಜು ಹಾಕಿಸಿ, ಒಂದು ಏರು ಹತ್ತಿಸಿ ನೋಡಿ, 120 ದಾಟಿದರೆ ಬನ್ನಿ ಎಂದು. ಓದುಗರಿಗೆ ಹೇಳಬೇಕಾದದ್ದು ಬೇರೆ. ಕುದುರೆಮುಖದ ವರ್ಕ್‌ಶಾಪಿನಲ್ಲಿ ದುಡಿದವರಿಗೆ, ವಿಲ್ಲೀಸ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ಕುಗಳಿಗೆ ಈಗ ವಯಸ್ಸಾಗಿದೆ. ಕಳಸ, ಬಾಳೆಹೊನ್ನೂರು, ಆಲ್ದೂರು, ಬಣಕಲ್ಲಿನಲ್ಲಿ ಅಂಥವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ ಹೋಗಿ ಕೂತು ಕೇಳಿ, ಬರೆದಿಟ್ಟುಕೊಳ್ಳಿ. ಅವರ ಹಳೆಯ ಕೆಲಸದ ಪುಸ್ತಕಗಳನ್ನು ಗುಜರಿಗೆ ಹಾಕಬೇಡಿ.