ಕಿಡ್ನಿ ಕಸಿಯಾದವರ ಔಷಧ ಸಮಯ ಮತ್ತು ನಮ್ಮ ವ್ರತನಿಯಮ

ಕಿಡ್ನಿ ಕಸಿ ಮಾಡಿಸುವಾಗ ಖರ್ಚು, ದಾನಿ, ಕಾಗದಪತ್ರಗಳ ಬಗ್ಗೆ ಮನೆಯವರು ಮೊದಲೇ ವಿಚಾರಿಸುತ್ತಾರೆ. ಮನೆಗೆ ಬಂದ ಮೇಲಿನ ದಿನಚರಿಯ ಬಗ್ಗೆ ಕೇಳುವುದು ಕಡಿಮೆ. ರಾತ್ರಿಭೋಜನ ತ್ಯಾಗ, ನೀರೂ ಇಲ್ಲದ ಉಪವಾಸ ಪಾಲಿಸುವ ಜೈನ ಕುಟುಂಬಗಳು ಇದನ್ನು ಕೇಳಲೇಬೇಕು. ನಮ್ಮ ನಿಯಮ ಎಲ್ಲ ವೈದ್ಯರಿಗೂ ಗೊತ್ತಿರುವುದಿಲ್ಲ, ನಾವೇ ಬಾಯಿಬಿಟ್ಟು ಹೇಳಬೇಕು.

ಔಷಧ ಏಕೆ ತಪ್ಪಬಾರದು?
ಕಸಿ ಮಾಡಿದ ಅಂಗವನ್ನು ಶರೀರ ಹೊರಗಿನದೆಂದು ತಿಳಿದು ತಿರಸ್ಕರಿಸಲು ನೋಡುತ್ತದೆ. ಟ್ಯಾಕ್ರೋಲಿಮಸ್ ಮೊದಲಾದ ಔಷಧಗಳು ಅದನ್ನು ತಡೆಯುತ್ತವೆ. ಎಷ್ಟು ವರ್ಷ ಆರೋಗ್ಯವಾಗಿದ್ದರೂ ಇವನ್ನು ಬಿಡುವಂತಿಲ್ಲ. ಡೋಸ್ ತಪ್ಪಿಸಿದರೆ ಕಿಡ್ನಿಯೇ ಹೋಗಬಹುದು.

ಸೂರ್ಯಾಸ್ತದ ಲೆಕ್ಕ
ಸಾಮಾನ್ಯ ಟ್ಯಾಕ್ರೋಲಿಮಸ್ ಅನ್ನು 12 ಗಂಟೆಗೊಮ್ಮೆ ಕೊಡುತ್ತಾರೆ. ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರಿನಲ್ಲಿ ಸುಮಾರು 11 ಗಂಟೆ 20 ನಿಮಿಷ ಮಾತ್ರ. ಅಂದರೆ ಚಳಿಗಾಲದಲ್ಲಿ ಎರಡೂ ಡೋಸ್ ಹಗಲಿನೊಳಗೆ ಕೂರುವುದಿಲ್ಲ. ಸೂರ್ಯೋದಯದ ನಂತರ 48 ನಿಮಿಷ ಬಿಡುವವರಿಗೆ ಇನ್ನೂ ಕಷ್ಟ. ದಿನಕ್ಕೆ ಒಂದೇ ಬಾರಿ ತೆಗೆದುಕೊಳ್ಳುವ ಬಗೆಯ ಟ್ಯಾಕ್ರೋಲಿಮಸ್ ಕೂಡ ಇದೆ. ಅದು ತಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ಸ್ವಂತವಾಗಿ ಸಮಯವನ್ನಾಗಲಿ ಔಷಧವನ್ನಾಗಲಿ ಬದಲಿಸಬೇಡಿ.

ಉಪವಾಸ
ನೀರು ಕಡಿಮೆಯಾದರೆ ಕಿಡ್ನಿಗೆ ಪೆಟ್ಟು. ದಶಲಕ್ಷಣ ಅಥವಾ ಪರ್ಯುಷಣ ಬರುವ ಮೊದಲೇ ವೈದ್ಯರನ್ನೂ ಗುರುಗಳನ್ನೂ ಕಂಡು ಮಾತಾಡಿ. ಶ್ವೇತಾಂಬರ ಪ್ರತ್ಯಾಖ್ಯಾನದಲ್ಲಿ ‘ಆಗಾರ’ ಎಂಬ ವಿನಾಯಿತಿಗಳೇ ಇವೆ. ಅನಶನವೊಂದೇ ತಪಸ್ಸಲ್ಲ. ರಸಪರಿತ್ಯಾಗ, ಸ್ವಾಧ್ಯಾಯಗಳೂ ತಪಸ್ಸೇ. ಮನೆಯ ಹಿರಿಯರು ರೋಗಿಗೆ ಈ ಮಾತು ಹೇಳಿದರೆ ಅವರ ಮನಸ್ಸಿನ ಅಳುಕು ಕಡಿಮೆಯಾಗುತ್ತದೆ.

ಆಹಾರ, ಕ್ಯಾಪ್ಸೂಲ್
• ಸೋಸಿ ಕುದಿಸಿದ ನೀರು ಕುಡಿಯುವ ನಮ್ಮ ರೂಢಿ ಇವರಿಗೆ ಒಳ್ಳೆಯದೇ. ಸೋಂಕಿನ ಭಯ ಹೆಚ್ಚಿರುವುದರಿಂದ ಹಸಿ ಹಾಲಿನ ಪಂಚಾಮೃತ ಕುಡಿಯುವುದು ಬೇಡ.
• ಚಕ್ಕೋತ ತಿನ್ನಬಾರದು. ಅದು ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಏರಿಸಬಹುದು.
• ನೋವಿನ ಮಾತ್ರೆ, ಕಷಾಯ, ನಾಟಿ ಔಷಧ ಯಾವುದನ್ನೂ ಕೇಳದೆ ಕೊಡಬೇಡಿ.
• ಕ್ಯಾಪ್ಸೂಲಿನ ಹೊದಿಕೆ ಹೆಚ್ಚಾಗಿ ಜಿಲಾಟಿನ್, ಅಂದರೆ ಪ್ರಾಣಿಜನ್ಯ. ಹಾಗೆಂದು ಬಿಡಿಸಿ ಪುಡಿ ನುಂಗಬೇಡಿ, ನಿಲ್ಲಿಸಲೂ ಬೇಡಿ. ಬೇರೆ ರೂಪದಲ್ಲಿ ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ.

ಆಸ್ಪತ್ರೆಯಿಂದ ಹೊರಡುವ ಮುನ್ನ ಬರೆಸಿಕೊಳ್ಳಿ
• ಡೋಸ್ ಮರೆತರೆ, ಅಥವಾ ನುಂಗಿದೊಡನೆ ವಾಂತಿಯಾದರೆ ಏನು ಮಾಡಬೇಕು?
• ದಿನಕ್ಕೆ ಎಷ್ಟು ನೀರು?
• ರಕ್ತಪರೀಕ್ಷೆ ಎಂದು? ಆ ದಿನ ಬೆಳಗಿನ ಡೋಸ್ ರಕ್ತ ಕೊಡುವ ಮೊದಲೋ ನಂತರವೋ?
• ಜ್ವರ, ಭೇದಿ, ಮೂತ್ರ ಕಡಿಮೆಯಾದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು?

ಈ ಚೀಟಿಯನ್ನು ಅಡುಗೆಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ. ಒಬ್ಬರು ಕೊಟ್ಟ ಅಂಗವನ್ನು ಕಾಪಾಡಿಕೊಳ್ಳುವುದೂ ಜೀವದಯೆಯೇ. ಜೈ ಜಿನೇಂದ್ರ.