ಡೀಸೆಲ್ಲಿಗೆ ಬೆರೆಸುವ ಮದ್ದು: ನೂರು ವರ್ಷದ ಕಥೆ



ಹೋದ ಬೇಸಗೆಯಲ್ಲಿ ನಮ್ಮ ಹೋಬಳಿಯ ರೈತರೊಬ್ಬರು ಒಂದು ಸಣ್ಣ ಸೀಸೆ ತಂದು ನನ್ನ ಮುಂದಿಟ್ಟರು. "ಸ್ವಾಮಿ, ಇದನ್ನು ಡೀಸೆಲ್ಲಿಗೆ ಬೆರೆಸಿದರೆ ಇಂಜಿನ್ನು ಹೊಗೆ ಉಗುಳೋದು ನಿಲ್ತದಂತೆ. ಹಾಕಲೋ, ಬೇಡವೋ?" ಅಂತ ಕೇಳಿದರು. "ಯಜಮಾನರೆ, ಸ್ವಲ್ಪ ಕೂತುಕೊಳ್ಳಿ. ಇಂಥ ಮದ್ದಿನ ಕಥೆ ನೂರು ವರ್ಷದ್ದು. ಕೇಳಿದ ಮೇಲೆ ನೀವೇ ತೀರ್ಮಾನ ಮಾಡಿ" ಅಂದೆ. ಅವರಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ.

ಹೊಗೆಯ ಮಾತು ಸಣ್ಣದಲ್ಲ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಸಾರಿತು. ಇಂಜಿನ್ ಮನೆಯ ಪಕ್ಕದಲ್ಲೇ ಮಕ್ಕಳು ಆಡುತ್ತಾರೆ, ಹೆಣ್ಣುಮಕ್ಕಳು ನೀರು ಹಿಡಿಯುತ್ತಾರೆ. ಆದ್ದರಿಂದ ಹೊಗೆ ಕಡಿಮೆ ಮಾಡಬೇಕೆನ್ನುವ ಆಸೆ ನ್ಯಾಯವಾದದ್ದೇ.

ರುಡಾಲ್ಫ್ ಡೀಸೆಲ್ ಎಂಬವನು 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದಲ್ಲಿ ತನ್ನ ಇಂಜಿನ್ನನ್ನು ಚೆನ್ನಾಗಿ ಓಡಿಸಿ ತೋರಿಸಿದ. ಅದರಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಕಾಯಿಸಿ, ಆ ಬಿಸಿಗೆ ಎಣ್ಣೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹನಿ ದಪ್ಪವಾದರೆ, ಇಲ್ಲವೆ ಗಾಳಿ ಸಾಲದೆ ಹೋದರೆ, ಪೂರಾ ಉರಿಯದೆ ಮಸಿಯಾಗುತ್ತದೆ. ಒಲೆಗೆ ಗಾಳಿಯಾಡದಂತೆ ಸೌದೆ ತುರುಕಿದರೆ ಏನಾಗುತ್ತದೆಂದು ತಾಯಂದಿರಿಗೆ ನಾನು ಹೇಳಬೇಕೆ?

ಇನ್ನು ಮದ್ದಿನ ಕಥೆ. ಮೊದಲು ಹೆಸರಾದದ್ದು ಪೆಟ್ರೋಲಿನ ಮದ್ದು. 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ, ಸೀಸ ಎಂಬ ಲೋಹದ ಒಂದು ಸಂಯುಕ್ತವನ್ನು ಬೆರೆಸಿ ಪೆಟ್ರೋಲ್ ಇಂಜಿನ್ನಿನ ಬಡಿತ ನಿಲ್ಲಿಸಿದ. ಇಂಜಿನ್ನಿಗೆ ಹಿತವಾಯಿತು, ಮನುಷ್ಯನಿಗೆ ವಿಷವಾಯಿತು. 1924ರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಅದನ್ನು ತಯಾರಿಸುತ್ತಿದ್ದ ಐದು ಮಂದಿ ಕೆಲಸಗಾರರು ಸತ್ತರು. ಆದರೂ ಮಾರಾಟ ನಿಲ್ಲಲಿಲ್ಲ. ಲೋಹ ಉರಿದು ಇಲ್ಲವಾಗುವ ವಸ್ತುವಲ್ಲ. ಹೊಗೆಯ ಜೊತೆ ಹೊರಬಂದು ಬೀದಿಯ ದೂಳಿಗೆ ಸೇರಿತು, ಎಳೆಯ ಮಕ್ಕಳ ಮೆದುಳಿಗೆ ಕೇಡು ಮಾಡಿತು. ನಮ್ಮ ದೇಶದಲ್ಲಿ ವಾಹನಗಳ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಲೋಕದಿಂದಲೇ ತೊಲಗಿದ್ದು 2021ರಲ್ಲಿ. ತಪ್ಪನ್ನು ತಿದ್ದಿಕೊಳ್ಳಲು ನೂರು ವರ್ಷ ಹಿಡಿಯಿತು, ನೋಡಿ!

ಡೀಸೆಲ್ಲಿನ ಸರದಿ ಬಂದದ್ದು 1960ರ ದಶಕದಲ್ಲಿ. ಆಗ ಬೇರಿಯಂ ಎಂಬ ಲೋಹದ ಮದ್ದುಗಳು ಬಂದವು. ಕಪ್ಪು ಹೊಗೆ ನಿಜವಾಗಿಯೂ ತಗ್ಗಿತು. ಆದರೆ ಬೇರಿಯಂ ಎಲ್ಲಿಗೆ ಹೋಯಿತು? ಅದೂ ಕೊಳವೆಯಿಂದಲೇ ಹೊರಬಂತು. ನೀರಿನಲ್ಲಿ ಕರಗುವ ಬೇರಿಯಂ ಸಂಯುಕ್ತಗಳು ವಿಷ. ಕಣ್ಣಿಗೆ ಕಾಣುವ ಮಸಿ ಹೋಗಿ, ಕಾಣದ ದೂಳು ಬಂದ ಹಾಗಾಯಿತು.

ಎಲ್ಲ ಮದ್ದೂ ಕೆಟ್ಟದ್ದೆಂದು ತಿಳಿಯಬೇಡಿ. ಸ್ವೀಡನ್ ದೇಶದವರು 1991ರಲ್ಲಿ, ಹತ್ತು ಲಕ್ಷ ಪಾಲಿಗೆ 10 ಪಾಲಿಗಿಂತ ಹೆಚ್ಚು ಗಂಧಕವಿಲ್ಲದ ಡೀಸೆಲ್ಲಿಗೆ ತೆರಿಗೆ ಇಳಿಸಿದರು. ಗಾಳಿ ಶುದ್ಧವಾಯಿತು, ಆದರೆ ಡೀಸೆಲ್ ಪಂಪುಗಳು ಸವೆಯತೊಡಗಿದವು. ಗಂಧಕ ತೆಗೆಯುವಾಗ ಎಣ್ಣೆಯ ಸಹಜವಾದ ಜಾರುಗುಣವೂ ಹೋಗಿಬಿಟ್ಟಿತ್ತು. ಆಗ ಕೊಬ್ಬಿನಾಮ್ಲದಂಥ, ಲೋಹವಿಲ್ಲದ, ಉರಿದುಹೋಗುವ ಮದ್ದನ್ನು ಎಣ್ಣೆ ಕಂಪನಿಗಳೇ ಬೆರೆಸಿ ಕಳಿಸಿದವು. ಪಂಪು ಉಳಿಯಿತು.

2000ದಲ್ಲಿ ಫ್ರಾನ್ಸಿನ ಪೂಜೊ ಕಂಪನಿ ತನ್ನ ಕಾರಿನಲ್ಲಿ ಸೀರಿಯಂ ಎಂಬ ಲೋಹದ ಮದ್ದು ಬಳಸಿತು. ಆದರೆ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯನ್ನೂ ಇಟ್ಟಿತು. ಜರಡಿಯಲ್ಲಿ ಕೂತ ಮಸಿ ಕಡಿಮೆ ಕಾವಿನಲ್ಲೇ ಉರಿಯಲು ಮದ್ದು ನೆರವಾಯಿತು. ಸೀರಿಯಂ ಬೂದಿಯಾಗಿ ಜರಡಿಯಲ್ಲೇ ಉಳಿಯಿತು. ಹಿಂದಿನವರಿಗೆ ಹೊಳೆಯದ ವಿವೇಕ ಇದು.

ನಮ್ಮ ದೇಶದಲ್ಲೂ 2010ರಿಂದ 350 ಪಾಲಿದ್ದ ಗಂಧಕದ ಮಿತಿ 2017ರ ಏಪ್ರಿಲಿಗೆ 50ಕ್ಕೆ, 2020ರ ಏಪ್ರಿಲಿಗೆ 10ಕ್ಕೆ ಇಳಿಯಿತು. ಡೀಸೆಲ್ಲಿನ ಜಾರುಗುಣಕ್ಕೂ ಸರ್ಕಾರದ ಅಳತೆಯಿದೆ. ಹಾಗಾಗಿ ಬಂಕಿನಲ್ಲಿ ಸಿಗುವ ಒಳ್ಳೆ ಡೀಸೆಲ್ಲಿಗೆ ಬೇಕಾದ ಮದ್ದು ಆಗಲೇ ಬಿದ್ದಿರುತ್ತದೆ. ಅಗ್ಗವೆಂದು ಸೀಮೆಎಣ್ಣೆ ಬೆರೆಸಿದಿರೋ, ಆ ಜಾರುಗುಣವನ್ನು ನೀವೇ ಕೆಡಿಸಿದಂತೆ.

ಹಾಗಾದರೆ ಸೀಸೆಯ ಗತಿ? ಅದರ ಮೇಲಿನ ಚೀಟಿ ಓದಿ, ಓದಿಸಿ. ಏನು ಬೆರೆಸಿದೆಯೆಂದು ಬರೆಯದಿದ್ದರೆ, ಇಲ್ಲವೆ ಲೋಹದ ಹೆಸರಿದ್ದರೆ ಮುಟ್ಟಬೇಡಿ. ನಮ್ಮ ಹಳೆಯ ಪಂಪ್‌ಸೆಟ್ಟಿಗೆ ಜರಡಿಯಿಲ್ಲ. ಬಂದದ್ದೆಲ್ಲ ನಿಮ್ಮ ಅಂಗಳಕ್ಕೇ. ನಾಜಲ್ ಶುದ್ಧವಾಗಿಡುವ, ಚಳಿಯಲ್ಲಿ ಬೇಗ ಹೊತ್ತಿಸುವ ಮದ್ದುಗಳು ಉಂಟು. ಅವು ಸ್ವಲ್ಪ ಅನುಕೂಲ ಮಾಡಿಯಾವು, ಆದರೆ ಸವೆದ ನಾಜಲನ್ನು ರಿಪೇರಿ ಮಾಡಲಾರವು.

ದುಡ್ಡು ಕೊಡುವ ಮೊದಲು ಹೊಗೆಯ ಬಣ್ಣ ನೋಡಿ. ಕಪ್ಪಾಗಿದ್ದರೆ ಏರ್ ಕ್ಲೀನರು ಕಟ್ಟಿದೆ, ನಾಜಲ್ ಕೆಟ್ಟಿದೆ, ಇಲ್ಲವೆ ಇಂಜಿನ್ನಿಗೆ ಹೊರೆ ಹೆಚ್ಚಾಗಿದೆ. ನೀಲಿಯಾಗಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ರಿಂಗು ತೋರಿಸಿ. ಇಂಜಿನ್ನು ಕಾದ ಮೇಲೂ ಬೆಳ್ಳಗಿದ್ದರೆ ಡೀಸೆಲ್ ಸರಿಯಾಗಿ ಹೊತ್ತುತ್ತಿಲ್ಲ, ಮೆಕ್ಯಾನಿಕ್ಕನ್ನು ಕರೆಯಿರಿ.

ಆ ರೈತರ ಮನೆಗೂ ಹೋಗಿ ನೋಡಿದೆವು. ಏರ್ ಕ್ಲೀನರಿನಲ್ಲಿ ಎರಡು ಬೊಗಸೆ ದೂಳು, ಹೊಟ್ಟು! ತೊಳೆದು, ಹೊಸ ಆಯಿಲ್ ಹಾಕಿ ಓಡಿಸಿದೆವು. ಹೊಗೆ ತೆಳುವಾಯಿತು. ಯಜಮಾನರು ನಕ್ಕು ಸೀಸೆಯನ್ನು ಅಂಗಡಿಗೆ ವಾಪಸು ಕೊಟ್ಟರು.

ಬಿತ್ತಿದಂತೆ ಬೆಳೆ ಅನ್ನುತ್ತೀರಲ್ಲ, ಟ್ಯಾಂಕಿನ ಮಾತೂ ಅದೇ. ಒಳಗೆ ಏನು ಹಾಕುತ್ತೀರೋ ಅದು ಒಂದಲ್ಲ ಒಂದು ರೂಪದಲ್ಲಿ ಹೊರಗೆ ಬರುತ್ತದೆ. ಅದನ್ನು ಉಸಿರಾಡುವವರು ನಿಮ್ಮ ಮನೆಯವರೇ.